ಗುಡ್ಲಪ್ಪ ಯಾವ ಕಡೆ ನೋಡಬೇಕು

ಮ್ಯೂಸಿಯಂ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ತರಬೇತಿಯಲ್ಲಿ ಧೂಳು, ತೇವ, ಗೆದ್ದಲು ಇವುಗಳ ಬಗ್ಗೆ ಹೇಳಿಕೊಡುತ್ತಾರೆ. ಅರಿಶಿನ, ಕುಂಕುಮ, ಎಳ್ಳೆಣ್ಣೆ, ನಿಂಬೆಹಣ್ಣು ಇವುಗಳ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ನನ್ನ ಸರ್ವೀಸಿನ ಮುಕ್ಕಾಲು ಪಾಲು ಈ ಎರಡನೆಯ ಗುಂಪಿನ ಜೊತೆ ಗುದ್ದಾಡುವುದರಲ್ಲೇ ಸವೆಯಿತು. ಮುಂದೆ ಬರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ. ಬಂದಿದ್ದರೆ ತಾನೇ ಬರೆಯುವುದು.

ನಾನು ಶಿಡ್ಲಘಟ್ಟದ ಒಂದು ಪುಟ್ಟ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಗ್ಯಾಲರಿ ಸಹಾಯಕನಾಗಿದ್ದವನು. ಹೆಸರು ನಾರಾಯಣಸ್ವಾಮಿ, ಊರಿನವರ ಬಾಯಲ್ಲಿ ಮ್ಯೂಸಿಯಂ ಸ್ವಾಮಣ್ಣ. ಹುಟ್ಟಿದ್ದು ಕೆಂಚಾರ್ಲಹಳ್ಳಿ ಕಡೆ, ಹಿಪ್ಪುನೇರಳೆ ಸೊಪ್ಪು ಹೊತ್ತು ಬೆಳೆದ ಮೈ. ಮ್ಯೂಸಿಯಂ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಹಳೆಯ ಛತ್ರವೊಂದರ ಎರಡು ಕೋಣೆಗಳು. ಮೊದಲನೆಯದರಲ್ಲಿ ಎರಡು ವೀರಗಲ್ಲು, ಅರ್ಧ ಮುರಿದ ಒಂದು ಶಾಸನ, ಗಾಜಿನ ಪೆಟ್ಟಿಗೆಯಲ್ಲಿ ಹಸಿರುಗಟ್ಟಿದ ನಾಣ್ಯಗಳು, ರೇಷ್ಮೆ ನೂಲು ತೆಗೆಯುವ ಹಳೆಯ ಚರಕ. ಎರಡನೆಯ ಕೋಣೆಯಲ್ಲಿ ಒಂದೇ ಒಂದು ಕಲ್ಲು.

ಅದು ಕೆರೆಯ ಹೂಳೆತ್ತುವಾಗ ಸಿಕ್ಕಿದ್ದು. ದೇವಸ್ಥಾನದ ಬಾಗಿಲ ನೆತ್ತಿಯ ಮೇಲೆ ಇರುತ್ತದಲ್ಲ, ಬಾಯಿ ತೆರೆದು ಕಣ್ಣು ಹೊರಗೆ ಚಾಚಿದ ಭಯಂಕರ ಮುಖ, ಅಂಥದ್ದು. ಪುಸ್ತಕದಲ್ಲಿ ಅದನ್ನು ಕೀರ್ತಿಮುಖ ಎನ್ನುತ್ತಾರೆ. ನಮ್ಮ ಕಡೆ ಒಂದೇ ಮಾತಿನಲ್ಲಿ ಕನ್ನಡ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ತೆಲುಗಿನವರು ಕಣ್ಣುಗುಡ್ಡೆಗಳನ್ನು ಗುಡ್ಲು ಎನ್ನುವುದರಿಂದ ಜನ ಇದನ್ನು ಗುಡ್ಲಪ್ಪ ಎಂದು ಕರೆದರು. ನಾನು ಚೀಟಿಯಲ್ಲಿ ಎಷ್ಟು ಸಲ ಕೀರ್ತಿಮುಖ ಎಂದು ಬರೆದಿಟ್ಟರೂ ಅದು ಗುಡ್ಲಪ್ಪನಾಗಿಯೇ ಉಳಿಯಿತು.

ಹೊಸದರಲ್ಲಿ ನನಗೆ ಸಿಕ್ಕ ಮೇಲಧಿಕಾರಿಯೊಬ್ಬರು ಬಹಳ ಶುಚಿಯ ಮನುಷ್ಯ. ಮಂತ್ರಿಗಳು ಬರುತ್ತಾರೆ, ವೀರಗಲ್ಲು ಮಂಕಾಗಿದೆ, ಹೊಳೆಯುವ ಹಾಗೆ ಮಾಡಿ ಎಂದರು. ನೀರಿನಲ್ಲಿ ತೊಳೆದೆ. ಸಾಲದು ಎಂದರು. ತಾವೇ ಕೊಬ್ಬರಿ ಎಣ್ಣೆ ತರಿಸಿ ನನ್ನ ಕೈಯಲ್ಲಿ ಹಚ್ಚಿಸಿದರು. ಕಲ್ಲು ಫಳಫಳ ಹೊಳೆಯಿತು. ಮಂತ್ರಿಗಳು ಬರಲಿಲ್ಲ, ಊರಿನ ಇರುವೆಗಳೆಲ್ಲ ಬಂದವು. ಮಾರನೆಯ ದಿನ ಮುದುಕಿಯೊಬ್ಬರು ಬಂದು ಇಣುಕಿ, "ಎಣ್ಣೆ ಮಜ್ಜನ ಆಯ್ತಲ್ಲಪ್ಪ, ದೀಪ ಎಲ್ಲಿಕ್ಕಲಿ?" ಎಂದು ಕೇಳಿದರು. ಆವತ್ತು ನಾನು ಒಂದು ಭಾಷಣ ಕಟ್ಟಿಕೊಂಡೆ. "ಇದು ಕಲ್ಲು ಕಣಮ್ಮ. ಇದಕ್ಕೆ ಹಸಿವಿಲ್ಲ, ಕೋಪವಿಲ್ಲ, ದೃಷ್ಟಿಯಿಲ್ಲ. ಶಿಲ್ಪ, ಅಷ್ಟೆ." ಸರ್ವೀಸಿನುದ್ದಕ್ಕೂ ಇದನ್ನೇ ಹೇಳಿಕೊಂಡು ಬಂದೆ. ಕೇಳಿದವರೆಲ್ಲ ಹೌದೌದು ಎಂದು ತಲೆದೂಗಿ, ನಾನು ಆ ಕಡೆ ತಿರುಗುವಷ್ಟರಲ್ಲಿ ಕಲ್ಲಿಗೆ ಕುಂಕುಮ ಇಟ್ಟು ಹೋಗುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಕೈಬರಹದ ಚೀಟಿ ಹೋಗಿ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಚೌಕದ ಚೀಟಿಗಳು ಬಂದವು. ಬೆಂಗಳೂರಿನಲ್ಲಿ ಎಲ್ಲೋ ಎಡವಟ್ಟಾಗಿ, ವೀರಗಲ್ಲಿನ ಚೀಟಿಯನ್ನು ಸ್ಕ್ಯಾನ್ ಮಾಡಿದರೆ ಬೋರ್‌ವೆಲ್ ಮೋಟರ್ ಮಾರುವವರ ಪುಟ ತೆರೆದುಕೊಳ್ಳುತ್ತಿತ್ತು. ಸರಿಪಡಿಸಿ ಎಂದು ಬರೆದೆ, ಉತ್ತರವಿಲ್ಲ. ಅಷ್ಟರಲ್ಲಿ ಸುತ್ತಲಿನ ರೈತರಿಗೆ ಸುದ್ದಿ ಮುಟ್ಟಿ, ವೀರಗಲ್ಲಿನ ಮುಂದೆ ನಿಂತು ಎಷ್ಟು ಹೆಚ್‌ಪಿ ಮೋಟರ್ ತಗೊಳ್ಳೋದು ಎಂದು ಚರ್ಚೆ ಮಾಡುವವರು ಬರತೊಡಗಿದರು. ಕೈಯಲ್ಲಿ ಕುಂಕುಮವಿಲ್ಲದೆ ನಮ್ಮಲ್ಲಿಗೆ ಜನ ತಾವಾಗಿ ಬಂದದ್ದು ಅದೇ ಮೊದಲು. ಚೀಟಿ ಸರಿಯಾದ ದಿನ ಅವರೂ ನಿಂತರು.

ನನ್ನ ನಿವೃತ್ತಿ ಹತ್ತಿರವಿದ್ದಾಗ ಮೇಲಿನಿಂದ ಒಂದು ಆದೇಶ ಬಂತು. ಜನ ಬಾರದ ಸಣ್ಣ ಮ್ಯೂಸಿಯಮ್ಮುಗಳನ್ನು ಮುಚ್ಚಿ ಅಲ್ಲಿನ ವಸ್ತುಗಳನ್ನು ಚಿಕ್ಕಬಳ್ಳಾಪುರದ ಉಗ್ರಾಣಕ್ಕೆ ಸಾಗಿಸುವುದು. ಆ ಉಗ್ರಾಣವನ್ನು ನಾನು ಕಂಡಿದ್ದೆ. ಅಲ್ಲಿಗೆ ಹೋದ ಕಲ್ಲು ಮತ್ತೆ ಬೆಳಕು ಕಾಣುವುದಿಲ್ಲ. ನನ್ನ ಜೀವಮಾನದ ಕೆಲಸ ಗೋಣಿಚೀಲ ಹೊದ್ದು ಮಲಗುತ್ತದೆ. ಮುಚ್ಚುವ ಮೊದಲು ಒಂದು ಅವಕಾಶ ಎಂಬಂತೆ ಅದರ ಜೊತೆಗೇ ಇನ್ನೊಂದು ಯೋಜನೆಯೂ ಬಂದಿತ್ತು. ಬೀದಿ ಬೀದಿಯ ಕಲಾವಿದರನ್ನು ಸೇರಿಸಿ, ಮ್ಯೂಸಿಯಮ್ಮಿನ ವಸ್ತುಗಳನ್ನು ನೋಡಿಕೊಂಡು, ಅವರವರ ಬೀದಿಯ ಗೋಡೆಯ ಮೇಲೆ ಚಿತ್ರ ಬರೆಸಬೇಕು. ಅದನ್ನು ನೋಡಿ ಜನ ಮ್ಯೂಸಿಯಮ್ಮಿಗೆ ಬಂದರೆ ಸರಿ, ಇಲ್ಲದಿದ್ದರೆ ಲಾರಿ ಬರುತ್ತದೆ.

ಬೇರೆ ಊರುಗಳಲ್ಲಿ ಏನಾಯಿತು ಎಂದು ಫೋನ್ ಮಾಡಿ ವಿಚಾರಿಸಿದೆ. ಚಿಂತಾಮಣಿಯಲ್ಲಿ ಹಳೆಯ ನಾಣ್ಯಗಳನ್ನು ಎಷ್ಟು ಚೆನ್ನಾಗಿ ಬರೆದರೆಂದರೆ ಯಾರೋ ಗೋಡೆಯನ್ನು ಕೆರೆದು ನೋಡಿದರಂತೆ. ಗೌರಿಬಿದನೂರಿನಲ್ಲಿ ಶಾಸನದ ಮೇಲಿದ್ದ ಆನೆಯನ್ನು ಬರೆಯುತ್ತಾ ಹೋಗಿ ಗೋಡೆ ಮುಗಿದು, ಸೊಂಡಿಲನ್ನು ಪಕ್ಕದ ಪಂಚರ್ ಅಂಗಡಿಯ ಶಟರಿನ ಮೇಲೆ ಬರೆದರಂತೆ. ಅಂಗಡಿ ತೆಗೆದರೆ ಸೊಂಡಿಲು ಮೇಲಕ್ಕೆ ಸುತ್ತಿಕೊಂಡು ಮಾಯ. ಪೂರ್ತಿ ಆನೆ ನೋಡಬೇಕಾದರೆ ಅಂಗಡಿಗೆ ರಜೆ ಇರಬೇಕು.

ನಮ್ಮ ಬೀದಿಯಲ್ಲಿ ಕಲಾವಿದರು ಇಬ್ಬರೇ. ಒಬ್ಬರು ಅಮ್ಜದ್, ಬೋರ್ಡ್ ಬರೆಯುವವರು. ಒಂದು ಕಾಲಕ್ಕೆ ಶಿಡ್ಲಘಟ್ಟದ ಅಂಗಡಿಗಳ ಹೆಸರೆಲ್ಲ ಅವರ ಕೈಯದೇ. ಫ್ಲೆಕ್ಸ್ ಬಂದ ಮೇಲೆ ಬೈಕಿನ ನಂಬರ್ ಪ್ಲೇಟಿಗೆ ಇಳಿದಿದ್ದರು. ಇನ್ನೊಬ್ಬರು ರತ್ನಮ್ಮ. ಅವರ ತವರಿನವರು ಊರಹಬ್ಬಕ್ಕೆ ಮಣ್ಣಿನ ಅಮ್ಮನವರನ್ನು ಮಾಡುವವರು. ಆ ಮೂರ್ತಿಗಳಿಗೆ ಕಟ್ಟಕಡೆಯಲ್ಲಿ ಕಣ್ಣು ಬಿಡಿಸುವ ಕೆಲಸ ಚಿಕ್ಕಂದಿನಿಂದಲೂ ರತ್ನಮ್ಮನದೇ ಆಗಿತ್ತಂತೆ. ಇಬ್ಬರನ್ನೂ ಮ್ಯೂಸಿಯಮ್ಮಿಗೆ ಕರೆದುಕೊಂಡು ಬಂದು ಎಲ್ಲ ತೋರಿಸಿದೆ. ಇಬ್ಬರೂ ಗುಡ್ಲಪ್ಪನ ಮುಂದೆ ನಿಂತವರು ಅಲುಗಾಡಲಿಲ್ಲ.

"ಇವ್ನೇ ಸಾರ್," ಎಂದರು ಅಮ್ಜದ್. "ಬೇರೆಯವ್ರೆಲ್ಲ ಚಿಲ್ಲರೆ."

ಗೋಡೆ ಕೊಟ್ಟವರು ಹಾಜಿ ಸಾಬರು. ನಮ್ಮ ಬೀದಿಯಲ್ಲಿ ಅವರದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ರೇಷ್ಮೆಗೂಡು ಬೇಯಿಸುವ ವಾಸನೆ ಬೀದಿಯ ತುಂಬ. ಅದರ ಎದುರು ಸಾಲಾಗಿ ಮನೆಗಳು, ಅದರಲ್ಲಿ ಒಂದು ನನ್ನದು. ಅಮ್ಜದ್ ಸಾರ್ವೆ ಕಟ್ಟಿ, ಎರಡು ಕಿಟಕಿಗಳ ನಡುವಿನ ಗೋಡೆ ತುಂಬ ಮುಖ ಬರೆದರು. ಕೋರೆಹಲ್ಲು ಬಾಳೆಗೊನೆಯಷ್ಟಿತ್ತು. ಬೀದಿಯ ಹೆಂಗಸರು ಮಕ್ಕಳು ಸೇರಿ ಸುತ್ತಲೂ ಬಳ್ಳಿ, ಹೂವು ತುಂಬಿದರು. ಹಾಜಿ ಸಾಬರ ಮೊಮ್ಮಕ್ಕಳು ಮೂಗಿಗೆ ಕೆಂಪು ಹಚ್ಚಿದರು. ಅಷ್ಟು ಸಂತೋಷದ ದಿನಗಳನ್ನು ನಾನು ಕೆಲಸದಲ್ಲಿ ಕಂಡಿರಲಿಲ್ಲ. ಕಡೆಗೆ ಕಣ್ಣು ಉಳಿಯಿತು.

ರತ್ನಮ್ಮ ತಲೆಗೆ ಸ್ನಾನ ಮಾಡಿಕೊಂಡು ಬಂದು ಎಲ್ಲರನ್ನೂ ಪಕ್ಕಕ್ಕೆ ನಿಲ್ಲಿಸಿದರು. ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು ಎಂದು ಎದುರಿಗೆ ಒಂದು ಕನ್ನಡಿ ಹಿಡಿಸಿದರು. ನಾನು ನನ್ನ ಭಾಷಣ ತೆಗೆದೆ. ಇದು ದೇವರಲ್ಲ, ಬರೀ ಗೋಡೆಚಿತ್ರ ಎಂದೆ.

"ಚಿತ್ರ ಆದ್ರೇನ್ ಸ್ವಾಮಣ್ಣ, ಕಣ್ಣು ಕಣ್ಣೇ ಅಲ್ವಾ?" ಎಂದರು ರತ್ನಮ್ಮ. ಬಿಳಿ ಗುಡ್ಡೆಯ ನಡುವೆ ಕಪ್ಪು ಪಾಪೆ ಇಟ್ಟರು. ಗುಡ್ಲಪ್ಪ ನೋಡಿದ.

ಅವನು ನೋಡಿದ್ದು ನೇರವಾಗಿ ನಮ್ಮ ಮನೆ ಸಾಲನ್ನು. ಮಾರನೆಯ ಬೆಳಿಗ್ಗೆ ನಾನು ಗಡ್ಡ ಕೆರೆಯಲು ಹೋದರೆ ಬಚ್ಚಲಲ್ಲಿ ಕನ್ನಡಿ ಇಲ್ಲ. ನನ್ನ ಹೆಂಡತಿ ಸರೋಜ ಅದನ್ನು ಬಾಗಿಲ ಮೇಲೆ, ಗುಡ್ಲಪ್ಪನ ಎದುರಿಗೆ ನೇತುಹಾಕಿದ್ದಳು.

"ಏನೇ ಇದು?"

"ಸುಮ್ನಿರ್ರೀ. ರಾತ್ರಿಯೆಲ್ಲ ನಮ್ಮ ಅಡುಗೆಮನೆ ಒಳಕ್ಕೇ ನೋಡ್ತವ್ನೆ. ರತ್ನಕ್ಕ ಕನ್ನಡಿ ಹಿಡ್ದಿದ್ದು ನೋಡಿದ್ರಲ್ಲ? ಅವನ ನೋಟ ಅವನಿಗೇ ವಾಪಸ್ ಹೋಗ್ಲಿ."

ಮ್ಯೂಸಿಯಮ್ಮಿನವನ ಮನೆಯಲ್ಲೇ ಕನ್ನಡಿ ಕಟ್ಟಿದ್ದಾರೆ ಎಂದರೆ ವಿಷಯ ಗಂಭೀರವಾಗಿಯೇ ಇರಬೇಕು ಎಂದು ಜನ ತೀರ್ಮಾನಿಸಿದರು. ಆ ವಾರದಲ್ಲೇ ಸಾಲಿನ ಎಲ್ಲ ಮನೆಗಳ ಮೇಲೂ ಕನ್ನಡಿಗಳು ಬಂದವು. ಒಬ್ಬರು ಬೀರುವಿನ ಬಾಗಿಲನ್ನೇ ಬಿಚ್ಚಿ ನಿಲ್ಲಿಸಿದರು. ಬಸ್ ಸ್ಟ್ಯಾಂಡಿನ ಫ್ಯಾನ್ಸಿ ಸ್ಟೋರಿನಲ್ಲಿ ಕನ್ನಡಿ ಖಾಲಿಯಾಯಿತು. ನಾನು ಕೈಯಲ್ಲಿ ತಡವಿಕೊಂಡು ಗಡ್ಡ ಕೆರೆದು, ಗಾಯದ ಮುಖ ಹೊತ್ತು ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನ ಬಿಸಿಲು ವಾಲಿದೊಡನೆ ಆ ಕನ್ನಡಿಗಳ ಬೆಳಕೆಲ್ಲ ಕಾರ್ಖಾನೆಯ ಕಿಟಕಿಯೊಳಗೆ ನುಗ್ಗತೊಡಗಿತು. ಒಳಗೆ ನೂಲು ತೆಗೆಯುವ ಹೆಂಗಸರಿಗೆ ಕಣ್ಣು ಕುಕ್ಕಿ ಎಳೆಯೇ ಕಾಣದು. ಕೂದಲಿಗಿಂತ ಸಣ್ಣ ಎಳೆ, ಕಾಣದಿದ್ದರೆ ಕಟ್ಟಾಗುತ್ತದೆ. ಕಟ್ಟಾಯಿತು.

ಹಾಜಿ ಸಾಬರು ಮ್ಯೂಸಿಯಮ್ಮಿಗೇ ಬಂದರು. "ಸ್ವಾಮಿ ಸಾರ್, ಗೋಡೆ ಕೊಟ್ಟಿದ್ದು ನಾನು. ಅವ್ನು ಅವ್ರನ್ನ ನೋಡ್ತಾನೆ, ಅವ್ರ ಕನ್ನಡಿ ಅದನ್ನ ತಿರುಗ್ಸಿ ನನ್ ಮೇಲೆ ಹಾಕ್ತದೆ. ನಜರ್ ಎಲ್ಲಾ ಬೀಳ್ತಾ ಇರೋದು ನಂಗೆ."

"ಅದು ಬಿಸಿಲು ಹಾಜಿ ಸಾಬ್ರೆ."

"ಬಿಸಿಲು ನಂಗೂ ಗೊತ್ತು ಸಾರ್. ಇಷ್ಟು ವರ್ಷ ಬಿಸಿಲು ಇರ್ಲಿಲ್ವಾ?"

ಇದಕ್ಕೆ ಉತ್ತರ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಕಣ್ಣು ಮುಚ್ಚಿದ ಹಾಗೆ ಬರೆದುಬಿಡಿ ಎಂದು ರತ್ನಮ್ಮನನ್ನು ಕೇಳಿದೆ. ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. "ಬಿಟ್ಟ ಕಣ್ಣು ಮುಚ್ಚೋ ಹಂಗಿಲ್ಲ ಸ್ವಾಮಣ್ಣ. ನಮ್ಮ ವಂಶದಲ್ಲಿ ಯಾರೂ ಮುಚ್ಚಿಲ್ಲ. ಬೇಕಾದ್ರೆ ತಿರುಗಿಸ್ಕೊಡ್ತೀನಿ."

ಹೀಗೆ ತಿರುಗಿಸುವ ಕೆಲಸ ಶುರುವಾಯಿತು. ನನ್ನ ಸರ್ವೀಸಿನಲ್ಲಿ ನಾನು ಮಾಡಿದ ಅತಿ ದೊಡ್ಡ ಎಡವಟ್ಟು ಯಾವುದೆಂದರೆ, ಮೊದಲ ಸಲ ತಿರುಗಿಸಲು ಒಪ್ಪಿದ್ದು. ಒಂದು ಸಲ ತಿರುಗುತ್ತದೆ ಎಂದು ಗೊತ್ತಾದರೆ ಎಲ್ಲರೂ ತಿರುಗಿಸಿ ಎನ್ನುತ್ತಾರೆ.

ಪಾಪೆಗಳನ್ನು ಎಡಕ್ಕೆ ಸರಿಸಿದೆವು. ಎಡಕ್ಕೆ ನ್ಯಾಯಬೆಲೆ ಅಂಗಡಿ. ಅಂಗಡಿಯ ಮಂಜುನಾಥ ತಕ್ಕಡಿಯ ಮೇಲೆಯೇ ನೋಟ ಬೀಳುತ್ತಿದೆ ಎಂದು ಹೆದರಿ, ಎಲ್ಲರಿಗೂ ಸರಿಯಾಗಿ ತೂಗಿಕೊಡತೊಡಗಿದ. ಬೀದಿಯವರಿಗೆ ಹಬ್ಬ. ಮಂಜುನಾಥ ಮಾತ್ರ ಸೊರಗಿಹೋದ. "ಅಣ್ಣಾ, ಹಿಂಗಾದ್ರೆ ನಾನ್ ಅಂಗಡಿ ಮುಚ್ಕೋತೀನಿ," ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಬಲಕ್ಕೆ ಸರಿಸಿದೆವು. ಬಲಕ್ಕೆ ಗೂಡಿನ ಮಾರುಕಟ್ಟೆಗೆ ಹೋಗುವ ದಾರಿ. ರೇಷ್ಮೆ ಸಾಕುವವರ ಮನೆಯಲ್ಲಿ ಹೊಸಬರಿಗೆ ಹುಳು ತೋರಿಸುವುದಿಲ್ಲ, ದೃಷ್ಟಿ ತಗುಲಿದರೆ ಹುಳು ಗೂಡು ಕಟ್ಟದು ಎಂಬ ಭಯ. ನನ್ನ ತಾಯಿಯೂ ನನ್ನ ಅಧಿಕಾರಿಗಳನ್ನು ಹುಳುಮನೆಗೆ ಬಿಟ್ಟವರಲ್ಲ. ರೈತರು ಟೆಂಪೋ ನಿಲ್ಲಿಸಿ, ಗೂಡಿನ ಚೀಲಗಳ ಮೇಲೆ ಕಂಬಳಿ ಹೊದಿಸಿ, ಗೋಡೆ ದಾಟಿದ ಮೇಲೆ ತೆಗೆಯತೊಡಗಿದರು. ಬೀದಿಯಲ್ಲಿ ಗಾಡಿಗಳ ಸಾಲು. ನನ್ನ ಊರಿನವರೇ ಕೆಲವರು ಬಂದು, "ಸ್ವಾಮಿ, ನೀನು ನಮ್ಮೋನಾಗಿ ಹಿಂಗ್ ಮಾಡಬೋದೇನೋ?" ಎಂದರು.

ಮೇಲಕ್ಕೆ ತಿರುಗಿಸಿದೆವು. ಮೇಲೆ ಟ್ರಾನ್ಸ್‌ಫಾರ್ಮರ್. ಅದು ಮೊದಲೂ ವಾರಕ್ಕೊಮ್ಮೆ ಸುಡುತ್ತಿತ್ತು, ಈಗ ಸುಟ್ಟಾಗ ಲೈನ್‌ಮನ್ ಕಂಬ ಹತ್ತಲು ಒಪ್ಪಲಿಲ್ಲ. ಕೆಳಕ್ಕೆ ತಿರುಗಿಸಿದೆವು. ಕೆಳಗೆ ಚರಂಡಿ. ಜನ ಗುಡ್ಲಪ್ಪನ ಜೊತೆ ತಾವೂ ಕೆಳಗೆ ನೋಡತೊಡಗಿ, ಇದೇನು ಇಷ್ಟು ಕೊಳಕಾಗಿದೆ ಎಂದು ಗಲಾಟೆ ಮಾಡಿ, ಚರಂಡಿ ಸ್ವಚ್ಛವಾಯಿತು. ಆ ನೋಟ ಒಂದರಿಂದ ಮಾತ್ರ ಊರಿಗೆ ಒಳ್ಳೆಯದಾಯಿತು. ಆದರೆ ವಾರ್ಡಿನ ಮೆಂಬರು, ಇದು ತನ್ನನ್ನು ಅವಮಾನ ಮಾಡಲಿಕ್ಕೆಂದೇ ಮಾಡಿಸಿದ್ದು ಎಂದು ಕೂಗಾಡಿದರು. ಕಡೆಗೆ ಅಮ್ಜದ್ ಒಂದು ಉಪಾಯ ಹೇಳಿದರು. ಒಂದು ಕಣ್ಣು ಆ ಕಡೆ, ಒಂದು ಕಣ್ಣು ಈ ಕಡೆ. ಅದನ್ನೂ ಮಾಡಿದೆವು. ಆಗ ಎರಡೂ ಕಡೆಯವರು ಒಟ್ಟಿಗೆ ಬಂದರು.

ಹಾಜಿ ಸಾಬರ ಸಹನೆ ಮುಗಿಯಿತು. "ಶುಕ್ರವಾರ ಸುಣ್ಣ ಹೊಡೆಸ್ಬಿಡ್ತೀನಿ ಸಾರ್. ಬೇಜಾರ್ ಮಾಡ್ಕೋಬೇಡಿ."

ಸುಣ್ಣ ಹೊಡೆದರೆ ಯೋಜನೆ ಸತ್ತಿತು, ಯೋಜನೆ ಸತ್ತರೆ ಲಾರಿ ಬರುತ್ತದೆ. ಈ ಜಗಳದಲ್ಲಿ ಗೋಡೆ ನೋಡಲು ಊರೆಲ್ಲ ಬಂದಿತ್ತೇ ವಿನಾ ಮ್ಯೂಸಿಯಮ್ಮಿಗೆ ಒಬ್ಬರೂ ಬಂದಿರಲಿಲ್ಲ. ನಾನು ಸಾರ್ವೆಯ ಕೆಳಗೆ ತಲೆ ಮೇಲೆ ಕೈ ಹೊತ್ತು ಕುಳಿತೆ. ಅಮ್ಜದ್ ಪಕ್ಕದಲ್ಲಿ ಬಂದು ಕುಳಿತರು.

"ಸುಣ್ಣ ಹೊಡೆಯೋದಾದ್ರೆ ನನ್ ಕೈಲೇ ಹೊಡ್ಸಿ ಸಾರ್," ಎಂದರು. "ಬೇರೆಯವ್ರು ಹೊಡೆಯೋದು ನಂಗೆ ನೋಡಕ್ಕಾಗಲ್ಲ. ಎಷ್ಟ್ ವರ್ಷ ಆದ್ಮೇಲೆ ದೊಡ್ಡ ಗೋಡೆ ಸಿಕ್ಕಿತ್ತು."

ಆಗ ಸರೋಜ ಬಾಗಿಲಲ್ಲಿ ನಿಂತು, ಹುರುಳಿಕಾಯಿ ಮುರಿಯುತ್ತಾ ಒಂದು ಮಾತು ಕೇಳಿದಳು. "ಅಲ್ಲಾರೀ, ಅಸಲು ಗುಡ್ಲಪ್ಪ ನಿಮ್ಮ ಮ್ಯೂಸಿಯಮ್ಮಲ್ಲಿ ಅದಾನಲ್ಲ. ಅವ್ನು ಯಾವ ಕಡೆ ನೋಡ್ತಾನೆ?"

ದಿನಾ ಒರೆಸುತ್ತಿದ್ದ ಕಲ್ಲು, ಅದು ಎಲ್ಲಿಗೆ ನೋಡುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಗುರುವಾರ ಬೀದಿಗೆ ಬೀದಿಯೇ ಮ್ಯೂಸಿಯಮ್ಮಿಗೆ ಬಂತು. ಹಾಜಿ ಸಾಬರು, ಮಂಜುನಾಥ, ನೂಲು ತೆಗೆಯುವ ಹೆಂಗಸರು, ಲೈನ್‌ಮನ್, ಸೊಪ್ಪಿನ ಹೊರೆ ಹೊರಗಿಟ್ಟು ಬಂದ ರೈತರು. ಸರೋಜಳೂ ಬಂದಳು. ಊಟದ ಡಬ್ಬಿ ತಂದಾಗ ಗೇಟಿನಲ್ಲೇ ಕೊಟ್ಟು ಹೋಗುತ್ತಿದ್ದವಳು, ನನ್ನ ಸರ್ವೀಸಿನಲ್ಲಿ ಮೊದಲ ಸಲ ಒಳಗೆ ಕಾಲಿಟ್ಟಳು. ನನಗೆ ಹೇಳಲಾರದ ಹೆಮ್ಮೆಯಾಯಿತು. ಅವಳು ಸುತ್ತ ನೋಡಿ, "ಮೂಲೇಲಿ ಜೇಡರ ಬಲೆ ಅದೆ," ಎಂದಳು.

ಎಲ್ಲರೂ ಗುಡ್ಲಪ್ಪನ ಮುಂದೆ ನಿಂತರು. ಹಾಜಿ ಸಾಬರು ಎಡಕ್ಕೆ ಹೋಗಿ ನೋಡಿ, "ನನ್ನೇ ನೋಡ್ತಾ ಇದಾನೆ," ಎಂದರು. ಬಲಗಡೆಯಿಂದ ಮಂಜುನಾಥ, "ಇಲ್ಲ ಬಿಡಿ ಸಾಬ್ರೆ, ನನ್ನ," ಎಂದ. ಲೈನ್‌ಮನ್ ಕುಕ್ಕರಗಾಲಿನಲ್ಲಿ ಕುಳಿತು ನೋಡಿ, ಎದ್ದು ನೋಡಿ, ಬಾಗಿಲ ಹೊರಗೆ ಹೋಗಿ ನಿಂತ. ರತ್ನಮ್ಮ ಒಬ್ಬರೇ ಹತ್ತಿರ ಹೋಗಿ ಕಲ್ಲಿನ ಕಣ್ಣಿನ ಮೇಲೆ ಬೆರಳಾಡಿಸಿದರು. ಮುಟ್ಟಬೇಡಿ ಎಂದು ಫಲಕ ಇತ್ತು, ನಾನು ಅದನ್ನು ಪಕ್ಕಕ್ಕೆ ಸರಿಸಿದೆ.

"ಪಾಪೆಯೇ ಇಲ್ಲ," ಎಂದರು. "ಬರೀ ಗುಡ್ಡೆ. ಕೆತ್ತಿದೋನು ಕಣ್ಣು ಬಿಡಿಸ್ದೇನೇ ಬಿಟ್ಟವ್ನೆ. ಅದಕ್ಕೇ ಎಲ್ಲಾರ್ನೂ ನೋಡ್ತಾನೆ, ಯಾರಿಗೂ ಏನೂ ಆಗಲ್ಲ. ನಾನು ಇವನಿಗಿಲ್ಲದ ನೋಟ ಗೋಡೆಯವನಿಗೆ ಕೊಟ್ಬಿಟ್ಟೆ."

"ಹಂಗಾದ್ರೆ ಅಳಿಸ್ಬಿಡಮ್ಮ," ಎಂದರು ಹಾಜಿ ಸಾಬರು.

"ಅಳಿಸೋ ಹಂಗಿಲ್ಲ. ಮುಚ್ಚೋ ಹಂಗೂ ಇಲ್ಲ." ರತ್ನಮ್ಮ ಬಹಳ ಹೊತ್ತು ಯೋಚಿಸಿದರು. "ಆ ಪಾಪೆನ ತಂದು ಈ ದೊಡ್ಡೋನಿಗೆ ಒಪ್ಪಿಸ್ಬೋದು. ಇವನ ಹತ್ರ ಇದ್ರೆ ಎಲ್ಲಿಗೂ ಹೋಗಲ್ಲ."

ಸುಣ್ಣ ಹೊಡೆಯಬೇಕಾಗಿದ್ದ ಶುಕ್ರವಾರ, ನಮಾಜು ಮುಗಿಸಿ ಹಾಜಿ ಸಾಬರು ಬರುವ ತನಕ ಕಾದು, ರತ್ನಮ್ಮ ಸಾರ್ವೆ ಹತ್ತಿದರು. ಅಷ್ಟು ಸಲ ಅಲ್ಲಿ ಇಲ್ಲಿ ತಿರುಗಿಸಿ ಪಾಪೆಯ ಬಣ್ಣ ಪದರದ ಮೇಲೆ ಪದರ ಕೂತು ರೊಟ್ಟಿಯಷ್ಟು ದಪ್ಪವಾಗಿತ್ತು. ಚಾಕುವಿನಿಂದ ಎಬ್ಬಿಸಿದರೆ ಎರಡೂ ಇಡಿಯಾಗಿ ಕೈಗೆ ಬಂದವು. ಸ್ಟೀಲ್ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲಿಟ್ಟುಕೊಂಡು ಮೆರವಣಿಗೆ ಹೊರಟಿತು. ಎಲ್ಲಿಗೂ ನೋಟ ಹಾಯದಿರಲಿ ಎಂದು ಅಮ್ಜದ್ ತಟ್ಟೆಯ ಮೇಲೆ ಕೊಡೆ ಹಿಡಿದರು. ದಾರಿಯ ಅಂಗಡಿಯವರು ಅರ್ಧ ಶಟರ್ ಎಳೆದುಕೊಂಡರು. ತಟ್ಟೆಯನ್ನು ಕಲ್ಲಿನ ಕೆಳಗೆ ಇಟ್ಟದ್ದಾಯಿತು. ಮ್ಯೂಸಿಯಮ್ಮಿನಲ್ಲಿ ಯಾವ ವಸ್ತುವೂ ಚೀಟಿ ಇಲ್ಲದೆ ಇರಬಾರದು. ನಾನು, "ಬಣ್ಣದ ಹಕ್ಕಳೆ, ಎರಡು. ಗೋಡೆಚಿತ್ರದ ಭಾಗ," ಎಂದು ಬರೆದು ಅಂಟಿಸಿದೆ.

ಕನ್ನಡಿಗಳು ಇಳಿದವು. ಗೋಡೆಯ ಗುಡ್ಲಪ್ಪ ಬರಿಗುಡ್ಡೆಯಲ್ಲಿ ನಿಶ್ಚಿಂತೆಯಾಗಿ ನಿಂತ. ಅವನಿಗಿಂತ ಚೆಲುವಾದ ಗೋಡೆ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅಲ್ಲಿಂದ ಮ್ಯೂಸಿಯಮ್ಮಿಗೆ ಜನವೋ ಜನ. ಗೂಡು ಮಾರಲು ಬಂದವರು ಮೊದಲು ನಮ್ಮಲ್ಲಿಗೆ ಬಂದು, ಪಾಪೆಗಳು ತಟ್ಟೆಯಲ್ಲಿ ಭದ್ರವಾಗಿವೆಯೇ ಎಂದು ನೋಡಿ, ಆಮೇಲೆ ಮಾರುಕಟ್ಟೆಗೆ ಹೋಗುತ್ತಿದ್ದರು. ಕೈವಾರಕ್ಕೆ ಹೊರಟ ಬಸ್ಸಿನವರೂ ಒಮ್ಮೆ ಇಳಿದು ನೋಡಿ ಹೋದರು. ಕಾಯುತ್ತಾ ನಿಂತವರು ವೀರಗಲ್ಲನ್ನೂ ನೋಡಿದರು, ಚೀಟಿಯನ್ನೂ ಓದಿದರು. ಯಾರಾದರೂ ಇದನ್ನೆಲ್ಲ ಮೂಢನಂಬಿಕೆ ಎಂದರೆ ನಾನು ಕೇಳಿಸದವನ ಹಾಗೆ ಇರುತ್ತಿದ್ದೆ.

ಆದರೆ ಕಡತಕ್ಕೆ ಇದೊಂದೂ ಗೊತ್ತಾಗುವುದಿಲ್ಲ. ಒಂದು ಬೆಳಿಗ್ಗೆ ಲಾರಿ ಬಂತು. ಅದರ ಹಿಂದೆ ಜೀಪಿನಲ್ಲಿ ಹೊಸ ಸಾಹೇಬರು. ಬೆಂಗಳೂರಿನಿಂದ ವರ್ಗವಾಗಿ ಬಂದವರು, ಚಿಕ್ಕಬಳ್ಳಾಪುರದಲ್ಲಿ ತಮ್ಮ ಕುರ್ಚಿ ಬಿಟ್ಟು ಬೇರೇನೂ ಇನ್ನೂ ನೋಡಿರಲಿಲ್ಲ. ಈಗ ಜನ ಬರುತ್ತಿದ್ದಾರೆ ಸಾರ್ ಎಂದೆ. ಆದೇಶ ಆಗಿಹೋಗಿದೆಯಲ್ಲ ಎಂದರು. ದನಿಯಲ್ಲಿ ಕೆಟ್ಟತನವಿರಲಿ, ಆಸಕ್ತಿಯೂ ಇರಲಿಲ್ಲ. ಮೊದಲು ದೊಡ್ಡ ಕಲ್ಲು ಎತ್ತಿಬಿಡೋಣ ಎಂದು ಎರಡನೆಯ ಕೋಣೆಗೆ ನಡೆದರು.

"ಇದೇನ್ರೀ ತಟ್ಟೇಲಿ?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕನ್ನಡಿ, ತಕ್ಕಡಿ, ಕಂಬಳಿ, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ. ಬೀದಿಯ ನೋಟವೆಲ್ಲ ಈಗ ಈ ಕಲ್ಲಿನ ವಶದಲ್ಲಿದೆ ಎಂದು ಜನ ನಂಬುತ್ತಾರೆ ಎಂದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿಯುವ ಹೊತ್ತಿಗೆ, ಹಗ್ಗ ತಂದಿದ್ದ ಹಮಾಲಿಗಳು ಹಗ್ಗ ಕೆಳಗಿಟ್ಟಿದ್ದರು.

"ಸಾರ್, ಮನೇಲಿ ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು," ಎಂದ ಅವರಲ್ಲಿ ಹಿರಿಯ. "ನಾವು ಇದ್ನ ಮುಟ್ಟಲ್ಲ. ಬೇಕಾದ್ರೆ ಬೇರೇದೆಲ್ಲ ಎತ್ತಿಕೊಡ್ತೀವಿ."

ಸಾಹೇಬರು ಅವರಿಗೆ ಬೈದರು, ಬೇರೆ ಜನ ಕರೆಸುತ್ತೇನೆ ಎಂದರು, ಇಪ್ಪತ್ತೊಂದನೆಯ ಶತಮಾನ ಎಂದರು. ಹಮಾಲಿಗಳು ಬೀಡಿ ಹಚ್ಚಲು ಹೊರಗೆ ಹೋದರು. ಕೋಣೆಯಲ್ಲಿ ನಾನು, ಸಾಹೇಬರು, ಗುಡ್ಲಪ್ಪ ಮೂವರೇ ಉಳಿದೆವು. ಸಾಹೇಬರು ಎಡಕ್ಕೆ ಎರಡು ಹೆಜ್ಜೆ ಹಾಕಿ ಕಲ್ಲನ್ನು ನೋಡಿದರು. ಬಲಕ್ಕೆ ಬಂದು ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

"ಸ್ವಾಮಿ," ಎಂದರು, ದನಿ ತಗ್ಗಿಸಿ. "ನನಗೇನೂ ನಂಬಿಕೆ ಇಲ್ಲ. ಸುಮ್ಮನೆ ಕೇಳ್ತಿದೀನಿ. ಆ ಉಗ್ರಾಣದ ಬಾಗಿಲು ಯಾವ ಕಡೆಗಿದೆ?"

ಇದು ಕಲ್ಲು ಸಾರ್, ಇದಕ್ಕೆ ಹಸಿವಿಲ್ಲ, ಕೋಪವಿಲ್ಲ, ದೃಷ್ಟಿಯಿಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ನನಗೆ ಬೇರೆ ಸಿಗುತ್ತಿರಲಿಲ್ಲ. ಉಗ್ರಾಣದ ಬಾಗಿಲು ಇರುವುದು ಸಾಹೇಬರ ಆಫೀಸಿನ ಕಟ್ಟಡದ ಹಿಂದುಗಡೆ. ಅಲ್ಲಿಂದ ಕಾಣುವುದು ಒಂದು ಶೆಡ್ಡು.

"ನಿಮ್ಮ ಚೇಂಬರಿನ ಎದುರಿಗೇ ಸಾರ್," ಎಂದೆ. "ಬಾಗಿಲು ತೆಗೆದ್ರೆ ನೇರ ನಿಮ್ಮ ಕುರ್ಚಿ."

ಸಾಹೇಬರು ಕರವಸ್ತ್ರ ಮಡಚಿ ಜೇಬಿಗಿಟ್ಟರು. ಕಲ್ಲಿನ ಹತ್ತಿರ ಬಗ್ಗಿ, ಅಲ್ಲಿರದ ಒಂದು ಬಿರುಕನ್ನು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಕಡತ ತೆರೆದು, ಶಿಲ್ಪವು ಶಿಥಿಲವಾಗಿದ್ದು ಸಾಗಣೆಗೆ ಯೋಗ್ಯವಾಗಿಲ್ಲವಾದ್ದರಿಂದ ಸ್ಥಳದಲ್ಲಿಯೇ ಸಂರಕ್ಷಿಸತಕ್ಕದ್ದು ಎಂದು ಬರೆದರು. ಅದು ಇದ್ದ ಮೇಲೆ ಕಟ್ಟಡ ಬೇಕು, ಕಟ್ಟಡಕ್ಕೆ ನೋಡಿಕೊಳ್ಳುವವರು ಬೇಕು, ಹೀಗೆ ಒಂದೊಂದಾಗಿ ಎಲ್ಲವೂ ಉಳಿಯಿತು. ಲಾರಿ ಖಾಲಿ ಹೋಗಬಾರದೆಂದು ನಾಣ್ಯದ ಪೆಟ್ಟಿಗೆಯೊಂದನ್ನು ಅದರಲ್ಲಿಟ್ಟು ಕಳಿಸಿದೆವು. ಅಷ್ಟು ದೊಡ್ಡ ಲಾರಿಯ ನಡುವೆ ಅಂಗೈಯಗಲದ ಪೆಟ್ಟಿಗೆ, ಅದಕ್ಕೆ ಸುತ್ತಲೂ ಹಗ್ಗ. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ನಾನು ಮೆಟ್ಟಿಲ ಮೇಲೆ ಕುಳಿತೆ. ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆಮೇಲೆ ದಿನಾ ಫೋನಿನ ಭಯ. ಸಾಹೇಬರು ಎಂದಾದರೂ ಒಂದು ದಿನ ಕಟ್ಟಡದ ಹಿಂದಕ್ಕೆ ಹೋಗಿಯೇ ಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ಕರೆ ಬಂದದ್ದು ನಾನು ಕೆಲಸ ಬಿಡುವ ವಾರದಲ್ಲಿ.

"ಏನ್ರೀ ಸ್ವಾಮಿ," ಎಂದರು. "ಉಗ್ರಾಣದ ಬಾಗಿಲು ನನ್ನ ಚೇಂಬರಿನ ಕಡೆಗಿಲ್ಲವಲ್ರೀ. ಹಿಂದುಗಡೆ ಶೆಡ್ಡಿನ ಕಡೆಗಿದೆ."

"ಹೌದು ಸಾರ್," ಎಂದೆ. ಇನ್ನು ಮುಚ್ಚಿಡುವುದೇನಿದೆ ಎಂದು, "ತಾವು ಹೊಸ ಕಾರು ತಗೊಂಡ್ರಂತೆ. ಆ ಶೆಡ್ಡಲ್ಲೇ ತಾನೇ ನಿಲ್ಲಿಸೋದು?" ಎಂದು ಕೇಳಿದೆ.

ಆ ಕಡೆ ಕುರ್ಚಿ ಕಿರ್ರೆಂದಿತು.

"ಇರ್ಲಿ ಬಿಡ್ರೀ, ಅಲ್ಲೇ ಇರ್ಲಿ ಅದು," ಎಂದು ಸಾಹೇಬರು ಫೋನಿಟ್ಟರು.